ಪೇತ್ರ ಅಲ್ಲಿ ಊಟ ಮಾಡಿದ್ನಾ?

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 10:1 – 11:18

ಬೈಬಲ್ ತೆರೆಯಿರಿ. ಮೊಬೈಲ್‌ನಲ್ಲಿ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ನಾನೂ ಮಾಡಿದ್ದೀನಿ.

ಹೊಸ ದೃಷ್ಟಿ ಅಂದ್ರೆ ನಮಗೆ ಏನು ನೆನಪಾಗುತ್ತೆ? ಒಂದು ಒಳ್ಳೆ ಪಾಡ್‌ಕಾಸ್ಟ್, ಯಾರೋ ಕಳಿಸಿದ ವಿಡಿಯೋ, ಒಂದು ಪುಸ್ತಕ. ಕೇಳ್ತೀವಿ, ತಲೆಯಾಡಿಸ್ತೀವಿ, ಆಮೇಲೆ ಅದೇ ಜನರ ಜೊತೆ ಅದೇ ಹೋಟೆಲಿಗೆ ಹೋಗ್ತೀವಿ. ಈವತ್ತಿನ ವಾಕ್ಯಭಾಗದಲ್ಲಿ ದೇವರು ಪೇತ್ರನಿಗೆ ಹೊಸ ದೃಷ್ಟಿ ಕೊಟ್ಟಿದ್ದು ಬೇರೆ ತರಹ. ಎಬ್ಬಿಸಿ ನಡೆಸಿಬಿಟ್ಟರು.

ಪೇತ್ರ ಎಲ್ಲಿದ್ದ ನೋಡಿ. ಯೊಪ್ಪದಲ್ಲಿ, ಸಮುದ್ರದ ಹತ್ತಿರ, ಚರ್ಮ ಹದ ಮಾಡುವ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯ ಚರ್ಮ ಮುಟ್ಟೋ ಕೆಲಸ, ವಾಸನೆ ಬೇರೆ. ಯೆಹೂದ್ಯರು ಕೀಳು ಅಂತ ನೋಡ್ತಿದ್ದ ಕಸುಬು. ಅಂಥವನ ಮನೆಯಲ್ಲಿ ಪೇತ್ರ ಆಗಲೇ ಬಹಳ ದಿನದಿಂದ ಇದ್ದಾನೆ. ನಾನಾಗಿದ್ರೆ "ನನಗೆ ಭೇದಭಾವ ಎಲ್ಲಿದೆ?" ಅಂತಲೇ ಅಂದ್ಕೊಳ್ತಿದ್ದೆ. ಆದರೆ ಮಧ್ಯಾಹ್ನ ಮಾಳಿಗೆ ಮೇಲೆ ಪ್ರಾರ್ಥನೆಗೆ ಹೋದಾಗ, ಹೊಟ್ಟೆ ಹಸಿದಿದ್ದಾಗ, ಆಕಾಶದಿಂದ ಆ ಜೋಳಿಗೆ ಇಳಿಯಿತು. ಪೇತ್ರ ಏನಂದ? ಬೇಡ ಅಂದ. ದೇವರಿಗೇ ಬೇಡ ಅಂದ! ಒಂದು ಸಲ ಅಲ್ಲ, ಮೂರು ಸಲ ಅದೇ ದರ್ಶನ ಆಯಿತು.

ಇದೇ ಯೊಪ್ಪದಿಂದ ಹಿಂದೆ ಯೋನನು ಹಡಗು ಹತ್ತಿ ಓಡಿಹೋಗಿದ್ದ. ನಿನೆವೆಯವರ ಹತ್ತಿರ ಹೋಗಲು ಮನಸ್ಸಿರಲಿಲ್ಲ. ಅದೇ ಊರಿನಲ್ಲಿ ಈಗ ಪೇತ್ರನ ಬಾಗಿಲಿಗೆ ಕೊರ್ನೇಲ್ಯ ಕಳಿಸಿದ ಮೂವರು ಬಂದು ನಿಂತಿದ್ದಾರೆ. ಕೊರ್ನೇಲ್ಯ ರೋಮನ್ ಸೈನ್ಯದ ಶತಾಧಿಪತಿ. ದೇಶವನ್ನ ಆಳ್ತಿದ್ದ ಸೈನ್ಯದವನು. ಯೋನ ಓಡಿದ, ಪೇತ್ರ ಹೋದ. ಯೊಪ್ಪದಿಂದ ಕೈಸರೈಯಕ್ಕೆ ಸುಮಾರು 50 ಕಿಲೋಮೀಟರ್, ಇಲ್ಲಿಂದ ರಾಮನಗರದಷ್ಟು ದೂರ. ಮಾರನೆಯ ದಿನ ಹೊರಟು ಅದರ ಮರುದಿನ ಮುಟ್ಟಿದ.

ಈಗ ನನ್ನ ವಿಷಯ ಹೇಳ್ಬೇಕು. ಹೇಳೋಕೆ ಆ ಕುಟುಂಬದ ಅನುಮತಿ ತಗೊಂಡಿದ್ದೀನಿ. ಹೆಸರು ಹೇಳಲ್ಲ.

ನಮ್ಮ ಯೌವನಸ್ಥರ ಕೂಟದ ಒಬ್ಬ ತಮ್ಮ ನನ್ನನ್ನು ಮನೆಗೆ ಕರೀತಾನೇ ಇದ್ದ. "ಅಣ್ಣ, ಒಂದ್ಸಲ ಬನ್ನಿ, ಅಮ್ಮ ಕೇಳ್ತಿದ್ದಾರೆ." ಅವನ ತಾಯಿ ಪೌರಕಾರ್ಮಿಕರು. ನಾವು ಏಳೋ ಹೊತ್ತಿಗೆ ಅವರು ಎರಡು ರಸ್ತೆ ಗುಡಿಸಿರ್ತಾರೆ. ನಾನು ಟ್ರಾಫಿಕ್ ಅಂದೆ, ಉಪವಾಸ ಪ್ರಾರ್ಥನೆ ಅಂದೆ, ಮುಂದಿನ ವಾರ ಅಂದೆ. ಆರು ತಿಂಗಳು ಕಳೆದವು. ಅದೇ ಆರು ತಿಂಗಳಲ್ಲಿ ಬೇರೆ ಎಷ್ಟು ಮನೆಗೆ ಹೋಗಿ ಊಟ ಮಾಡಿದ್ದೆ ಅಂತ ಲೆಕ್ಕ ಹಾಕಿದ್ರೆ ನಾಚಿಕೆ ಆಗುತ್ತೆ.

ಯಾಕೆ ಹೋಗಲಿಲ್ಲ? ನಮ್ಮದು ಮೂರು ತಲೆಮಾರಿನ ವಿಶ್ವಾಸಿಗಳ ಮನೆ. ಆದರೂ ನಾನು ಚಿಕ್ಕವನಿದ್ದಾಗ ಹಿತ್ತಲ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ ಬೇರೆಯಾಗಿ ಇರ್ತಿತ್ತು. ಅದು ಯಾರಿಗೆ ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡೋ ಅಗತ್ಯವೇ ಇರಲಿಲ್ಲ. ದೀಕ್ಷಾಸ್ನಾನ ಆಯಿತು, ಪವಿತ್ರಾತ್ಮನ ಅಭಿಷೇಕ ಆಯಿತು, ಅನ್ಯಭಾಷೆಯಲ್ಲಿ ಮಾತಾಡಿದೆ. ಆ ಲೋಟ ಮಾತ್ರ ನನ್ನೊಳಗೆ ಅಲ್ಲೇ ಕಿಟಕಿಯಲ್ಲಿ ಇತ್ತು.

ಕೊನೆಗೆ ಹೋದೆ. ಮುದ್ದೆ, ಸೊಪ್ಪಿನ ಸಾರು, ನಾನು ಬರ್ತೀನಿ ಅಂತ ಕೋಳಿ ಬೇರೆ ಮಾಡಿದ್ದರು. "ಈಗಷ್ಟೇ ತಿಂದು ಬಂದೆ ಅಮ್ಮ, ಟೀ ಸಾಕು" ಅಂದೆ. ಸುಳ್ಳು. ಆಮೇಲೆ ಬೈಬಲ್ ತೆಗೆದು ಯಾವ ಅಧ್ಯಾಯ ಬೋಧಿಸಿದೆ ಗೊತ್ತಾ? ಇದೇ 10ನೇ ಅಧ್ಯಾಯ. ದರ್ಶನ ತಿಂಡಿ ಬಗ್ಗೆ ಅಲ್ಲ, ಮನುಷ್ಯರ ಬಗ್ಗೆ ಅಂತೆಲ್ಲ ಚೆನ್ನಾಗಿ ವಿವರಿಸಿದೆ. ಆ ತಾಯಿಗೆ ಓದು ಬರಲ್ಲ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಪೇತ್ರ ಅಲ್ಲಿ ಊಟ ಮಾಡಿದ್ನಾ?"

ಕುಹಕವಾಗಿ ಕೇಳಿದ್ದಲ್ಲ. ಪೇತ್ರನ ಜೊತೆ ಆರು ಜನ ಸಹೋದರರು ಹೋಗಿದ್ದರು ಅಂತ ನಾನೇ ಹೇಳಿದ್ದೆ. ಒಟ್ಟು ಏಳು ಜನ, ಕೆಲವು ದಿನ ಅಲ್ಲೇ ಉಳಿಯಿರಿ ಅಂತ ಕೇಳಿಕೊಂಡರು. ಹಾಗಾದ್ರೆ ಅಡುಗೆ ಮಾಡಿದ್ದು ಯಾರು, ಬಡಿಸಿದ್ದು ಯಾರು? ಅವರ ಯೋಚನೆ ಅದು. ಎಷ್ಟೋ ಸಲ ಇದೇ ಭಾಗದ ಮೇಲೆ ಮಾತಾಡಿದ್ದ ನನಗೆ ಇದು ಒಂದು ಸಲವೂ ಹೊಳೆದಿರಲಿಲ್ಲ. "ಊಟದ ಬಗ್ಗೆ ಬರೆದಿಲ್ಲ ಅಮ್ಮ" ಅಂದೆ. ಅವರ ಮಗ ಫೋನಿನಲ್ಲಿ ಮುಂದಿನ ಅಧ್ಯಾಯ ತೆಗೆದು 11:3 ಓದಿದ. ಯೆರೂಸಲೇಮಿನವರು ಪೇತ್ರನ ಮೇಲೆ ತಂದ ದೂರು ಏನು? ಉಪದೇಶದ ಬಗ್ಗೆ ಅಲ್ಲ. ನೀನು ಅವರ ಮನೆಗೆ ಹೋಗಿ ಅವರ ಸಂಗಡ ಊಟ ಮಾಡಿದೆ ಅನ್ನೋದೇ ದೂರು.

ನಾನು ತಟ್ಟೆ ಕೇಳಿ ತಗೊಂಡೆ. ಮುದ್ದೆ ಆರಿಹೋಗಿತ್ತು.

ಕೆಲವರು ಕೇಳಬಹುದು, ಹಾಗಾದ್ರೆ ಹೊಸದಾಗಿ ಬರೋ ಎಲ್ಲ ವಿಚಾರಕ್ಕೂ ಬಾಗಿಲು ತೆರೀಬೇಕಾ ಅಂತ. ಇಲ್ಲ. ಪೇತ್ರ ಏನೂ ಕುರುಡಾಗಿ ಹೊರಡಲಿಲ್ಲ. ದರ್ಶನ ಮೂರು ಸಲ ಬಂತು, ಆತ್ಮನು ಮಾತಾಡಿದನು, ಅದೇ ಹೊತ್ತಿಗೆ ಬಾಗಿಲಲ್ಲಿ ಜನ ಬಂದರು. ಸಾಕ್ಷಿಗೆ ಆರು ಜನರನ್ನ ಕರ್ಕೊಂಡು ಹೋದ, ಆಮೇಲೆ ಸಭೆಯ ಮುಂದೆ ಎಲ್ಲ ವಿವರಿಸಿದ. ಆದರೆ ಇದನ್ನೂ ಗಮನಿಸಿ: ಪೇತ್ರ ಇನ್ನೂ ಮಾತಾಡ್ತಿರುವಾಗಲೇ ಕೇಳುತ್ತಿದ್ದವರ ಮೇಲೆ ಪವಿತ್ರಾತ್ಮನು ಇಳಿದನು. ಪ್ರಸಂಗ ಮುಗಿಯೋ ತನಕ ದೇವರು ಕಾಯಲಿಲ್ಲ. ಪ್ರಸಂಗಿಗಳಾದ ನಮಗೆ ಇದು ಸ್ವಲ್ಪ ಕಷ್ಟದ ವಚನ.

ಒಂದು ಸಲ ಕಣ್ಣು ತೆರೆದರೆ ಸಾಕಾ? ಗಲಾತ್ಯ 2ನೇ ಅಧ್ಯಾಯ ಓದಿ. ಅದೇ ಪೇತ್ರ, ಅಂತಿಯೋಕ್ಯದಲ್ಲಿ, ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಅನ್ಯಜನರ ಪಂಕ್ತಿಯಿಂದ ಎದ್ದು ಹೋದ. ಬಾರ್ನಬನೂ ಜೊತೆಗೆ ಹೋದ. ಪೌಲ ಎಲ್ಲರ ಮುಂದೆ ಗದರಿಸಬೇಕಾಯಿತು.

ನಮ್ಮ ಪೆಂತೆಕೊಸ್ತ್ ಚರಿತ್ರೆಯಲ್ಲೂ ಇದೇ ಆಗಿದೆ. ವಿಲಿಯಂ ಸೇಮೋರ್ ಕಪ್ಪು ಜನಾಂಗದವರು, ಗುಲಾಮರಾಗಿದ್ದವರ ಮಗ. ಹ್ಯೂಸ್ಟನ್‌ನಲ್ಲಿ ಚಾರ್ಲ್ಸ್ ಪಾರ್ಹಮ್ ನಡೆಸಿದ ಬೈಬಲ್ ಶಾಲೆಯಲ್ಲಿ ಬಿಳಿಯರ ಜೊತೆ ಒಳಗೆ ಕೂರುವ ಹಾಗಿರಲಿಲ್ಲ, ಕೋಣೆಯ ಹೊರಗೆ ಕೂತು ಪಾಠ ಕೇಳಿದರು. 1906ರಲ್ಲಿ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯ ಹಳೇ ಕಟ್ಟಡದಲ್ಲಿ ದೇವರು ಅವರನ್ನೇ ಉಪಯೋಗಿಸಿದರು. ಕಪ್ಪು, ಬಿಳಿ, ಮೆಕ್ಸಿಕನ್ ಜನ ಒಟ್ಟಿಗೆ ಮೊಣಕಾಲೂರಿದರು. ಅದೇ ವರ್ಷ ಪಾರ್ಹಮ್ ಅಲ್ಲಿಗೆ ಬಂದರು. ಕಲಿಸಿದವರೇ ಅವರು, ಆದರೆ ಹಾಗೆ ಬೆರೆತ ಜನರನ್ನ ನೋಡಿ ಸಹಿಸಲಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಸಭೆಗಳು ಬಣ್ಣದ ಗೆರೆ ಎಳೆದುಕೊಂಡು ಮತ್ತೆ ಬೇರೆಯಾದವು.

ನನಗೂ ಆ ಲೋಟ ಒಡೆದು ಹೋಯಿತು ಅಂತ ಸಾಕ್ಷಿ ಹೇಳೋಕೆ ಆಸೆ. ಹೇಳಲಾರೆ. ಹೋದ ತಿಂಗಳು ಮದುವೆ ಮಾತುಕತೆಗೆ ಒಬ್ಬರು ಸಲಹೆ ಕೇಳಿದಾಗ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, "ಅವರು ಯಾವ ಕಡೆಯವರು?" ಹೆಂಡತಿ ನನ್ನ ಮುಖ ನೋಡಿದಳು, ಅಷ್ಟೇ.

ಈ ವಾರ ಮನೆಯಲ್ಲಿ 11ನೇ ಅಧ್ಯಾಯ ಪೂರ್ತಿ ಓದಿ. ನಿಮ್ಮನ್ನು ಎಷ್ಟೋ ಸಲ ಕರೆದಿರೋ, ನೀವು ಹೋಗದೇ ಇರೋ ಮನೆ ಯಾವುದಾದರೂ ಇದ್ದರೆ ಈಗಲೇ ನೆನಪಿಗೆ ಬಂದಿರುತ್ತೆ. ಪ್ರಾರ್ಥನೆಗೆ ಎದ್ದು ನಿಲ್ಲೋಣ. ಮೊದಲು ನಾನು ನನಗೋಸ್ಕರ ಪ್ರಾರ್ಥಿಸ್ತೀನಿ.