ಕ್ರಿಸ್‌ಮಸ್: ನಂಬಿಕೆಯ ತಿರುಳು ಮತ್ತು ಗುಜರಾತಿನ ನಂಟು

ದೇವರೇ ಮನುಷ್ಯನಾಗಿ ಹುಟ್ಟಿಬಂದನೆಂಬ ನಂಬಿಕೆಯೇ ಕ್ರಿಸ್‌ಮಸ್‌ನ ತಿರುಳು. ಯೇಸು ಪೂರ್ಣ ದೇವರೆಂದು ಕ್ರಿ.ಶ. 325ರ ನೈಸಿಯಾ ಸಭೆ ಸಾರಿತು. ಬೈಬಲ್‌ನಲ್ಲಿ ಜನ್ಮದಿನಾಂಕವಿಲ್ಲ; ಡಿಸೆಂಬರ್ 25ರ ಆಚರಣೆಗೆ ರೋಮಿನಲ್ಲಿ ಸಿಗುವ ಹಳೆಯ ದಾಖಲೆ ಕ್ರಿ.ಶ. 336ರದು.

ಈ ನಂಬಿಕೆ ಗುಜರಾತಿನಲ್ಲಿ ಹರಡಿದ ಕಥೆಯಲ್ಲಿ ಸೂರತ್ ಮುಖ್ಯ. ಲಂಡನ್ ಮಿಷನರಿ ಸೊಸೈಟಿಯ ಸ್ಕಿನ್ನರ್ ಮತ್ತು ಫೈವಿ 1820ರ ದಶಕದಲ್ಲಿ ಗುಜರಾತಿ ಬೈಬಲ್ ಮುದ್ರಿಸಿದ್ದು ಇಲ್ಲೇ. ಬಳಿಕ ಐರಿಷ್ ಪ್ರೆಸ್ಬಿಟೇರಿಯನ್ನರು ಬಂದರು. ಗುಜರಾತಿ ವ್ಯಾಕರಣ ಬರೆದ ಜೆ.ವಿ.ಎಸ್. ಟೇಲರ್ ಅವರ ಹೆಸರು ನೆನಪಿರಲಿ. ಪ್ರೆಸ್ಬಿಟೇರಿಯನ್ನರು ಕಟ್ಟಿದ ಸಭೆಗಳು 1970ರಲ್ಲಿ ಉತ್ತರ ಭಾರತ ಸಭೆಯಲ್ಲಿ ವಿಲೀನವಾದವು. ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳು ಸ್ಥಾಪನೆಯಾದ ವರ್ಷಗಳು: ಅಹಮದಾಬಾದ್ 1949, ವಡೋದರಾ (ಬರೋಡಾ) 1966. ಗಾಂಧಿನಗರ ಮಹಾಧರ್ಮಪ್ರಾಂತ್ಯವಾದದ್ದು 2002ರಲ್ಲಿ.