ಅರಸನನ್ನು ನಂಬಿ ಎದ್ದವರು

ಪ್ರಶ್ನೆ: ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. 1536ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿಯ ಧಾರ್ಮಿಕ ಬದಲಾವಣೆಗಳನ್ನು ವಿರೋಧಿಸಿ ಉತ್ತರ ಸೀಮೆಯ ಜನ ಎದ್ದರಲ್ಲ, ಆ ‘ಪಿಲ್ಗ್ರಿಮೇಜ್ ಆಫ್ ಗ್ರೇಸ್’ (ಕೃಪೆಯ ಯಾತ್ರೆ) ಅನ್ನು ಒಂದು ಪುಸ್ತಕ ಧರ್ಮದ ದಂಗೆ ಎನ್ನುತ್ತದೆ, ಇನ್ನೊಂದು ಹೊಟ್ಟೆಪಾಡಿನ ದಂಗೆ ಎನ್ನುತ್ತದೆ. ಯಾವುದನ್ನು ಬರೆದರೂ ಅಂಕ ಹೋದೀತೆಂದು ಹೆದರಿಕೆ. ಕೇಳೋಣವೆಂದರೆ ಹೇಳುವವರಿಲ್ಲ.
– ಒಬ್ಬ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡು ಪುಸ್ತಕ ಎರಡು ಮಾತು ಹೇಳಿದಾಗ ಯಾವುದನ್ನು ನಂಬುವುದು ಎಂಬುದು ನಿಮ್ಮ ಚಿಂತೆ. ಸಮಾಧಾನ ಮಾಡಿಕೊಳ್ಳಿ. ಈ ಪ್ರಶ್ನೆಯ ಮೇಲೆ ಇತಿಹಾಸಕಾರರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಎರಡೂ ಪುಸ್ತಕಗಳಲ್ಲಿ ನಿಜವಿದೆ.

ಆಗಿನ ಮೊನಾಸ್ಟರಿ (ಕ್ರೈಸ್ತ ಸನ್ಯಾಸಿಗಳ ಮಠ) ಏನೇನು ಮಾಡುತ್ತಿತ್ತು ಎಂಬುದನ್ನು ಮೊದಲು ನೋಡಿ. ಸತ್ತವರ ಆತ್ಮಕ್ಕಾಗಿ ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಬಡವರಿಗೆ ಊಟ, ಬಟ್ಟೆ ಸಿಗುತ್ತಿತ್ತು. ಊರಿಂದೂರಿಗೆ ಬಯಲೇ ಬಯಲಾಗಿರುವ ಉತ್ತರ ಸೀಮೆಯಲ್ಲಿ ದಾರಿಹೋಕರಿಗೆ ರಾತ್ರಿ ತಂಗಲು ಅದೇ ಜಾಗ. ಮಠದ ಜಮೀನನ್ನು ಗೇಣಿಗೆ ಮಾಡುತ್ತಿದ್ದ ರೈತರೂ ಇದ್ದರು. 1534ರಲ್ಲಿ ಹೆನ್ರಿ ಪೋಪನನ್ನು ಬದಿಗಿಟ್ಟು ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನಾದ. 1536ರಲ್ಲಿ, ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚುವ ಕಾಯ್ದೆ ಬಂತು. ಅಂಥ ಒಂದು ಮಠ ಮುಚ್ಚಿದರೆ ಪಕ್ಕದ ಊರಿನ ಮುದುಕಿಗೆ ಗಂಡನ ಹೆಸರಿನ ಪ್ರಾರ್ಥನೆಯೂ ನಿಂತಿತು, ತನ್ನ ಒಪ್ಪೊತ್ತಿನ ಊಟವೂ ನಿಂತಿತು. ಈ ನಷ್ಟವನ್ನು ಧರ್ಮದ ಲೆಕ್ಕಕ್ಕೆ ಬರೆಯುತ್ತೀರೋ, ಹೊಟ್ಟೆಯ ಲೆಕ್ಕಕ್ಕೋ?

ದಂಗೆ ಮೊದಲು ಹೊತ್ತಿಕೊಂಡ ಲೌತ್ ಪಟ್ಟಣವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಲಿಂಕನ್‌ಶೈರ್ ಪ್ರಾಂತ್ಯದ ಈ ಊರಿನ ಸೇಂಟ್ ಜೇಮ್ಸ್ ಚರ್ಚಿನ ಎತ್ತರದ ಗೋಪುರ ಮುಗಿದದ್ದು 1515ರಲ್ಲಿ. ಅದನ್ನು ಕಟ್ಟಲು ದುಡ್ಡು ಕೊಟ್ಟವರು ಇನ್ನೂ ಬದುಕಿದ್ದರು. ಅಂಥ ಊರಿಗೆ, ಮಠ ಮುಚ್ಚುವವರು, ತೆರಿಗೆಯವರು, ಪಾದ್ರಿಗಳನ್ನು ವಿಚಾರಿಸುವವರು ಎಲ್ಲರೂ ಒಂದೇ ಕಾಲಕ್ಕೆ ಬರುತ್ತಾರೆಂಬ ಸುದ್ದಿ. ಜೊತೆಗೆ ಗಾಳಿಮಾತುಗಳು: ಚರ್ಚಿನ ಬೆಳ್ಳಿ ಪಾತ್ರೆಗಳನ್ನು ಒಯ್ಯುತ್ತಾರಂತೆ, ನಾಮಕರಣಕ್ಕೂ ಮದುವೆಗೂ ಹೆಣ ಹೂಳುವುದಕ್ಕೂ ತೆರಿಗೆಯಂತೆ. ಬಹುಪಾಲು ಸುಳ್ಳೇ. ಆದರೆ ಕಣ್ಣೆದುರೇ ಮಠಗಳು ಮುಚ್ಚುತ್ತಿರುವಾಗ ಇದನ್ನು ನಂಬಿದವರನ್ನು ಪೆದ್ದರು ಎನ್ನಲಾರೆ. ಅಕ್ಟೋಬರ್ 1ರ ಭಾನುವಾರ ಊರಿನವರು ಚರ್ಚಿನ ಬೀಗದ ಕೈಗಳನ್ನು ಕಿತ್ತುಕೊಂಡು ಪಾತ್ರೆಗಳಿಗೆ ಕಾವಲು ನಿಂತರು. ಅವರ ಮುಂದಾಳು ನಿಕೊಲಸ್ ಮೆಲ್ಟನ್, ಚಪ್ಪಲಿ ಹೊಲಿಯುವವ. ‘ಕ್ಯಾಪ್ಟನ್ ಕಾಬ್ಲರ್’ ಎಂದೇ ಅವನು ಹೆಸರಾದ.

ಲಿಂಕನ್‌ಶೈರ್ ಎರಡು ವಾರದಲ್ಲಿ ತಣ್ಣಗಾಯಿತು. ಅಷ್ಟರಲ್ಲಿ ಯಾರ್ಕ್‌ಶೈರ್ ಎದ್ದಿತ್ತು. ಅಲ್ಲಿ ರಾಬರ್ಟ್ ಆಸ್ಕ್ ಎಂಬ ವಕೀಲ ನಾಯಕನಾದ. ಕ್ರಿಸ್ತನ ಐದು ಗಾಯಗಳ ಚಿತ್ರವಿದ್ದ ಬಾವುಟ ಹಿಡಿಸಿ, ಇದು ದಂಗೆಯಲ್ಲ, ಯಾತ್ರೆ ಎಂದು ಜನರಿಂದ ಪ್ರಮಾಣ ಮಾಡಿಸಿದವನು ಅವನೇ.

ಈಗ ಉತ್ತರ ಬರೆಯುವ ಬಗೆ. ಡಿಸೆಂಬರಿನಲ್ಲಿ ಪಾಂಟಿಫ್ರಾಕ್ಟ್ ಕೋಟೆಯಲ್ಲಿ ಇವರು ಸಿದ್ಧಪಡಿಸಿದ 24 ಬೇಡಿಕೆಗಳನ್ನು ಆಧಾರ ಮಾಡಿಕೊಳ್ಳಿ. ಮುಚ್ಚಿದ ಮಠಗಳನ್ನು ತೆರೆಯಬೇಕು, ಪೋಪನ ಆಧ್ಯಾತ್ಮಿಕ ಅಧಿಕಾರ ಮರಳಬೇಕು ಎಂಬುದರ ಜೊತೆಯಲ್ಲೇ ಗೇಣಿದಾರರ ಕಾಣಿಕೆಯ ದರ ಇಳಿಯಬೇಕು, ‘ಸ್ಟ್ಯಾಚ್ಯೂಟ್ ಆಫ್ ಯೂಸಸ್’ (ಜಮೀನುದಾರರ ಆಸ್ತಿ ಹಂಚಿಕೆಗೆ ಕಡಿವಾಣ ಹಾಕಿದ ಕಾಯ್ದೆ) ರದ್ದಾಗಬೇಕು ಎಂಬವೂ ಅಲ್ಲಿವೆ. ಮೊದಲು ಇವನ್ನು ಬರೆದು, ಆಮೇಲೆ ನಿಮ್ಮ ತೀರ್ಮಾನ ಹೇಳಿ. ನನ್ನನ್ನು ಕೇಳಿದರೆ, ಜನರನ್ನು ಒಗ್ಗೂಡಿಸಿದ್ದು ಧರ್ಮ. ಒಬ್ಬೊಬ್ಬರೂ ಮನೆಬಿಟ್ಟು ಹೊರಡಲು ಕಾರಣಗಳು ಬೇರೆ ಬೇರೆ.

ಪ್ರಶ್ನೆ: ಪಿಲ್ಗ್ರಿಮೇಜ್ ಆಫ್ ಗ್ರೇಸ್ ದಂಗೆಯಲ್ಲಿ, ಯಾರ್ಕ್‌ಶೈರಿನ ಡಾಂಕಾಸ್ಟರ್‌ನಲ್ಲಿ ಬಂಡಾಯಗಾರರು ಸುಮಾರು 30,000 ಇದ್ದರಂತೆ, ಅರಸನ ಕಡೆ 8,000ದಷ್ಟು ಮಾತ್ರ. ಗೆಲ್ಲಬಹುದಾಗಿದ್ದವರು ಒಂದು ಮಾತನ್ನು ನಂಬಿ ಮನೆಗೆ ಹೋದರಲ್ಲ! ಓದಿದಾಗಿನಿಂದ ಸಿಟ್ಟು, ಸಂಕಟ. ಸಾಮಾನ್ಯರು ಯಾವಾಗಲೂ ಹೀಗೇ ಮೋಸಹೋಗಬೇಕೆ?
– ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಅಷ್ಟು ಬಲವಿದ್ದವರು ಯಾಕೆ ಹಿಂದೆ ಸರಿದರು ಎಂಬುದು ನಿಮ್ಮ ಸಂಕಟ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಗೆಲ್ಲುವುದು ಎಂದರೆ ಏನೆಂದು ಅವರು ತಿಳಿದಿದ್ದರೋ ಅದನ್ನೂ ನೋಡಬೇಕು.

ಅರಸನನ್ನು ಇಳಿಸುವುದು ಅವರ ಗುರಿಯಾಗಿರಲಿಲ್ಲ. ಅವರ ಪ್ರಮಾಣದಲ್ಲೇ ಅರಸನ ರಕ್ಷಣೆಯ ಮಾತಿತ್ತು. ಕೋಪವೆಲ್ಲ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಮೇಲೆ. ಅರಸ ಒಳ್ಳೆಯವನು, ಸುತ್ತಲಿನವರು ಕೆಟ್ಟವರು ಎಂದು ನಂಬಿದವನಿಗೆ, ಅರಸ ತನ್ನ ಅಹವಾಲು ಕೇಳಿದನೆಂದರೆ ಅದೇ ಗೆಲುವು. ಡಿಸೆಂಬರ್‌ನಲ್ಲಿ ನಾರ್ಫೋಕ್‌ನ ಡ್ಯೂಕ್ ಅರಸನ ಪರವಾಗಿ ಕ್ಷಮಾದಾನ ಕೊಡಿಸಿದ, ಉತ್ತರದಲ್ಲೇ ಪಾರ್ಲಿಮೆಂಟ್ ಸೇರಿಸುವುದಾಗಿಯೂ ಹೇಳಿದ. ಆಸ್ಕ್ ತನ್ನ ಎದೆಯ ಮೇಲಿದ್ದ ಐದು ಗಾಯಗಳ ಗುರುತನ್ನು ತೆಗೆದುಹಾಕಿದ. ಕ್ರಿಸ್‌ಮಸ್‌ಗೆ ಅವನನ್ನು ಅರಮನೆಗೆ ಕರೆಸಿ ಹೆನ್ರಿ ಆದರಿಸಿದ.

ಪಾರ್ಲಿಮೆಂಟ್ ಸೇರಲೇ ಇಲ್ಲ. ಅರಸ ಮಾತು ಉಳಿಸಿಕೊಳ್ಳುವುದಿಲ್ಲವೆಂದು ಶಂಕಿಸಿ 1537ರ ಜನವರಿಯಲ್ಲಿ ಸರ್ ಫ್ರಾನ್ಸಿಸ್ ಬೈಗಾಡ್ ಮತ್ತೆ ಜನರನ್ನು ಎಬ್ಬಿಸಿದ. ತಮಾಷೆಯೆಂದರೆ, ಬೈಗಾಡ್ ಧರ್ಮಸುಧಾರಣೆಯ ಪರವಾಗಿದ್ದವನು! ಆಸ್ಕ್ ಅದನ್ನು ತಡೆಯಲು ಓಡಾಡಿದ. ಪ್ರಯೋಜನವಾಗಲಿಲ್ಲ, ಕ್ಷಮಾದಾನ ಮುರಿಯಲು ಹೆನ್ರಿಗೆ ನೆಪ ಸಿಕ್ಕಿತು. ಕಾರ್ಲೈಲ್ ಕಡೆಯಲ್ಲಿ ಸೇನಾ ಕಾನೂನಿನಡಿ 74 ಜನರನ್ನು ಅವರವರ ಊರುಗಳಲ್ಲೇ ನೇಣು ಹಾಕಿದರು. ಒಟ್ಟು ಮರಣದಂಡನೆ 200 ದಾಟಿತು. ಬಂಡಾಯಗಾರರ ಜೊತೆ ಸೇರಿದ್ದ, ವಯಸ್ಸಾದ ಲಾರ್ಡ್ ಡಾರ್ಸಿಯ ತಲೆ ಹೋಯಿತು, ಆಸ್ಕ್‌ನನ್ನು ಜುಲೈನಲ್ಲಿ ಯಾರ್ಕ್‌ನಲ್ಲಿ ಕೊಂದರು.

ನಂಬಿದ್ದು ಅವರ ತಪ್ಪಲ್ಲ, ಮುರಿದವನ ತಪ್ಪು. ಬೇಡಿಕೆ ಈಡೇರುವ ಮೊದಲೇ ಗುಂಪು ಚದುರಿಸಿದ್ದು ಮಾತ್ರ ಎಡವಟ್ಟು. ‘ಯಾವಾಗಲೂ ಹೀಗೇ’ ಎಂದು ಮಾತ್ರ ಬೇಸರಪಡಬೇಡಿ. ಜನ ಅಷ್ಟು ದ್ವೇಷಿಸಿದ ಕ್ರಾಮ್‌ವೆಲ್‌ನ ತಲೆಯನ್ನು 1540ರಲ್ಲಿ ಅದೇ ಅರಸ ಕಡಿಸಿದ. ನ್ಯಾಯಕ್ಕಾಗಿ ಅಲ್ಲ, ನಿಜ. ಆದರೂ ನಡೆದದ್ದು ಹಾಗೆ.

ಪ್ರಶ್ನೆ: ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಯಾರ್ಕ್‌ನ ಕ್ಲಿಫರ್ಡ್ಸ್ ಟವರ್ ನೋಡಲು ಹೋದಾಗ ಆಸ್ಕ್‌ನನ್ನು ಸರಪಳಿಯಲ್ಲಿ ನೇತುಹಾಕಿದ ಕಥೆ ಕೇಳಿ ಏಳು ವರ್ಷದ ಮಗ ರಾತ್ರಿ ಎದ್ದು ಕೂರುತ್ತಾನೆ. ಇನ್ನು ಇಂಥ ಜಾಗಗಳಿಗೆ ಕರೆದೊಯ್ಯಲೇಬಾರದೆ?
– ಒಬ್ಬ ತಾಯಿ

ಉತ್ತರ: ಮಗು ಹೆದರಿದ್ದು ಸಹಜ, ದೊಡ್ಡವರೂ ಹೆದರಲೆಂದೇ ಸಂತೆಯ ದಿನ ನೋಡಿ ಆ ಶಿಕ್ಷೆ ಕೊಟ್ಟದ್ದು. ಇದು ಸುಮಾರು ಐನೂರು ವರ್ಷದ ಹಿಂದಿನದು, ಈಗ ಅಲ್ಲಿ ಹಾಗೆ ಯಾರನ್ನೂ ಶಿಕ್ಷಿಸುವುದಿಲ್ಲ ಎಂದು ನಿಧಾನವಾಗಿ, ಕೇಳಿದಷ್ಟು ಸಲವೂ ಹೇಳಿ.

ಕರೆದೊಯ್ಯುವುದನ್ನು ಬಿಡಬೇಡಿ, ಜಾಗ ಬದಲಿಸಿ. ರಿಪನ್ ಬಳಿಯ ಫೌಂಟನ್ಸ್ ಅಬ್ಬಿಗೆ (ದೊಡ್ಡ ಮಠ) ಹೋಗಿ. ಈಗ ಅದಕ್ಕೆ ಚಾವಣಿಯಿಲ್ಲ, ಓಡಾಡಲು ಬೇಕಾದಷ್ಟು ಹುಲ್ಲುಹಾಸಿದೆ, ಪಕ್ಕದ ಸ್ಟಡ್ಲಿ ಉದ್ಯಾನದಲ್ಲಿ ಜಿಂಕೆಗಳಿವೆ. ಚಾವಣಿ ಎಲ್ಲಿ ಹೋಯಿತೆಂದು ಅವನೇ ಕೇಳುತ್ತಾನೆ. ದಂಗೆ ಅಡಗಿದ ಮೇಲೆ ಅರಸ ದೊಡ್ಡ ಮಠಗಳನ್ನೂ ಬಿಡಲಿಲ್ಲ, ಇದನ್ನು 1539ರಲ್ಲಿ ಮುಚ್ಚಿಸಿ ಚಾವಣಿಯ ಸೀಸವನ್ನು ಕಿತ್ತರು ಎಂದು ಹೇಳಿ. 1540ರ ಮಾರ್ಚ್ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಮಠವೂ ಉಳಿಯಲಿಲ್ಲ. ಆಸ್ಕ್‌ನ ಮಾತು ಅವನಾಗಿ ಎತ್ತಿದರೆ ಮುಚ್ಚಿಡಬೇಡಿ. ಎತ್ತದಿದ್ದರೆ ನೀವಾಗಿ ತೆಗೆಯಬೇಡಿ.