ಡೋರ್ ಪ್ಯಾಡಿಗೆ ಹೊಸ ರೆಕ್ಸಿನ್: 2,420 ರೂಪಾಯಿಯ ಲೆಕ್ಕ

ನಮ್ಮ ಮಾರುತಿ 800 ನೋಂದಣಿಯಾದದ್ದು 2007ರ ಅಕ್ಟೋಬರ್‌ನಲ್ಲಿ. ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಣಕ್ಕೆ 5,000 ರೂಪಾಯಿ ಕಟ್ಟಿ ಇನ್ನೈದು ವರ್ಷ ಪಡೆದುಕೊಂಡೆ. ಇಂಜಿನ್ ಚೆನ್ನಾಗಿದೆ, ತುಮಕೂರಿನಿಂದ ಬೆಂಗಳೂರಿಗೆ ಹೋಗಿಬಂದರೂ ಒಂದು ದಿನವೂ ಕೈಕೊಟ್ಟಿಲ್ಲ. ಆದರೂ ಕಳೆದ ವರ್ಷ ಅದನ್ನು ಮಾರುವ ಮಾತು ಮನೆಯಲ್ಲಿ ಮೂರು ಸಲ ಬಂತು. ಮೂರು ಸಲವೂ ಕಾರಣ ಒಂದೇ, ಬಾಗಿಲ ಒಳಗಿನ ರೆಕ್ಸಿನ್. ಬಿಸಿಲಿಗೆ ಒಣಗಿ ಸಿಪ್ಪೆ ಏಳುತ್ತಿತ್ತು, ಕೂತವರ ತೋಳಿಗೆಲ್ಲ ಬೂದು ಚೂರು ಅಂಟುತ್ತಿತ್ತು. ಒಂದು ಮದುವೆಗೆ ಹೊರಟಾಗ ನನ್ನಾಕೆ ಸೆರಗು ಕೊಡವಿಕೊಂಡು, "ಇನ್ಮೇಲೆ ಬೆಳ್ಳಗಿರೋ ಸೀರೆ ಉಟ್ಕೊಂಡು ಈ ಗಾಡಿ ಹತ್ತಲ್ಲಾರೀ" ಅಂದಳು.

ಅವಳ ಮಾತು ಸರಿಯೇ. ಆದರೆ ಹೊಸ ಗಾಡಿಗೆ ಐದು ಲಕ್ಷ ಸಾಲ ಮಾಡಿದರೆ, ಶೇ 9ರ ಬಡ್ಡಿಯಲ್ಲಿ ಐದು ವರ್ಷ ತಿಂಗಳಿಗೆ ಸುಮಾರು 10,380 ರೂಪಾಯಿ ಕಂತು. ಸಿಪ್ಪೆ ಎದ್ದ ನಾಲ್ಕು ಬಾಗಿಲಿಗಾಗಿ ಅಷ್ಟು ತೆರುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಹಳೆ ಗಾಡಿಯ ಮೇಲೆ ಬೇಸರ ಹುಟ್ಟುವುದು ಇಂಜಿನ್ನಿನಿಂದ ಅಲ್ಲ, ದಿನಾ ಕಣ್ಣಿಗೆ ಬೀಳುವ, ಕೈಗೆ ತಾಗುವ ಜಾಗಗಳಿಂದ. ಹಾಗಾಗಿ ಮೊದಲ ದುಡ್ಡು ಅಲ್ಲಿಗೆ ಹೋಗಬೇಕು ಅಂತ ನಾನು ನಂಬಿದ್ದೇನೆ.

ಕುಶನ್ ಅಂಗಡಿಯಲ್ಲಿ ವಿಚಾರಿಸಿದೆ. ನಾಲ್ಕು ಬಾಗಿಲಿಗೆ 7,000. ಇನ್ನೊಂದು ಕಡೆ 4,800 ಅಂದರು, ಆದರೆ ಹಳೆಯದನ್ನು ಕೀಳದೆ ಅದರ ಮೇಲೇ ಅಂಟಿಸುವ ಕೆಲಸ. ಸಿಪ್ಪೆಯ ಮೇಲೆ ಅಂಟಿಸಿದ್ದು ಸಿಪ್ಪೆಯ ಜೊತೆಗೇ ಏಳುತ್ತದೆ, ಅದು ಬೇಡವೆನಿಸಿತು. ನಾನೇ ಮಾಡುವುದೆಂದು ನಿಶ್ಚಯಿಸಿದೆ.

ಪ್ಯಾಡ್ ಕಳಚುವುದು ಅಂದುಕೊಂಡಷ್ಟು ಕಷ್ಟವಲ್ಲ. ಒಳಗಿನ ಹಿಡಿಕೆಯ ಸ್ಕ್ರೂ ಬಿಚ್ಚಬೇಕು, ಅಂಚಿನ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಒಂದೊಂದಾಗಿ ಮೀಟಬೇಕು. ತೊಡಕು ಕೊಡುವುದು ಗ್ಲಾಸ್ ಏರಿಸುವ ಹ್ಯಾಂಡಲ್. ಅದಕ್ಕೆ ಹೊರಗಡೆ ಸ್ಕ್ರೂ ಕಾಣುವುದಿಲ್ಲ. ಹಿಂದೆ ಕುದುರೆ ಲಾಳದಂಥ ಸಣ್ಣ ತಂತಿ ಕ್ಲಿಪ್ ಇರುತ್ತದೆ. ಹಳೆ ಪಂಚೆಯ ಚೂರೊಂದನ್ನು ಹ್ಯಾಂಡಲ್ ಹಿಂದೆ ತೂರಿಸಿ, ಎರಡೂ ತುದಿ ಹಿಡಿದು ಮಜ್ಜಿಗೆ ಕಡೆದ ಹಾಗೆ ಆಚೀಚೆ ಎಳೆದರೆ ಟಪ್ಪೆಂದು ಹಾರುತ್ತದೆ. ಎಲ್ಲಿ ಬಿತ್ತೆಂದು ನೋಡಿಕೊಳ್ಳಿ, ಕಳೆದುಹೋದರೆ ಹ್ಯಾಂಡಲ್ ನಿಲ್ಲುವುದಿಲ್ಲ. ಪವರ್ ವಿಂಡೋ ಇರುವ ಗಾಡಿಯಲ್ಲಿ ವೈರುಗಳಿರುತ್ತವೆ, ಸೈಡ್ ಏರ್‌ಬ್ಯಾಗ್ ಇದ್ದರಂತೂ ಈ ಕೆಲಸಕ್ಕೆ ನೀವಾಗಿ ಕೈಹಾಕಬೇಡಿ.

ಡ್ರೈವರ್ ಕಡೆಯ ಪ್ಯಾಡ್ ಕಳಚಿ ತಿರುಗಿಸಿದಾಗಲೇ ನಿಜವಾದ ರೋಗ ಗೊತ್ತಾಯಿತು. ಒಳಗಿನ ಹಾರ್ಡ್‌ಬೋರ್ಡ್‌ನ ಕೆಳಭಾಗ ನೀರು ಕುಡಿದು ಉಬ್ಬಿ ಪದರ ಪದರವಾಗಿತ್ತು. ಗ್ಲಾಸಿನ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ. ಅದು ತಳದ ತೂತುಗಳಿಂದ ಹೊರಗೆ ಹೋಗುತ್ತದೆ, ಪ್ಯಾಡ್ ನೆನೆಯದಂತೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಎಂದೋ ಗ್ಲಾಸ್ ಮೆಷಿನ್ ರಿಪೇರಿ ಮಾಡಿದವರು ಆ ಹಾಳೆ ಹರಿದು ಹಾಗೇ ಬಿಟ್ಟಿದ್ದರು, ತೂತುಗಳಲ್ಲಿ ಮಣ್ಣು ಕಟ್ಟಿತ್ತು. ಇದನ್ನು ಸರಿಮಾಡದೆ 7,000 ಕೊಟ್ಟು ರೆಕ್ಸಿನ್ ಹಾಕಿಸಿದ್ದರೂ ಎರಡು ಮಳೆಗಾಲಕ್ಕೆ ನೀರುಪಾಲಾಗುತ್ತಿತ್ತು. ಹೊಸ ಹಾಳೆಗೆ ಬಿದ್ದದ್ದು ಬರೀ 80 ರೂಪಾಯಿ. ಉಬ್ಬಿದ ಬೋರ್ಡನ್ನೇ ಅಳತೆಗಿಟ್ಟುಕೊಂಡು 150 ರೂಪಾಯಿಯ ಹೊಸ ತುಂಡಿನಲ್ಲಿ ಹೊಸದನ್ನು ಕತ್ತರಿಸಿದೆ.

ರೆಕ್ಸಿನ್ ತಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. 54 ಇಂಚು ಅಗಲದ್ದು, ಮೀಟರಿಗೆ 320. ಎರಡೂವರೆ ಮೀಟರ್ ಸಾಕಾಗುತ್ತಿತ್ತು. ಸಾಕಾಗದಂತೆ ಮಾಡಿಕೊಂಡವನು ನಾನೇ. ಮನೆಯಲ್ಲಿ ಮರಕ್ಕೆ ಹಚ್ಚುವ ಬಿಳಿ ಗೋಂದು ಉಳಿದಿತ್ತು, ಅದನ್ನೇ ಹಚ್ಚಿ ಮೊದಲ ಬಾಗಿಲು ಮುಗಿಸಿದೆ. ಮಾರ್ಚ್ ಬಿಸಿಲಲ್ಲಿ ಒಂದೇ ವಾರಕ್ಕೆ ಪೂರಾ ಬಿಟ್ಟುಕೊಂಡಿತು. ಆ ಗೋಂದು ನೀರು ಆರಿ ಗಟ್ಟಿಯಾಗುವಂಥದ್ದು, ರೆಕ್ಸಿನ್ನಿನ ಕೆಳಗೆ ಆ ನೀರು ಹೋಗುವುದೆಲ್ಲಿಗೆ? ಇದಕ್ಕೆ ಬೇಕಾದದ್ದು ರಬ್ಬರ್ ಅಂಟು, ಕುಶನ್ ಕೆಲಸದವರು ಬಳಸುವ ಫೆವಿಕಾಲ್ ಎಸ್‌ಆರ್ 998 ಜಾತಿಯದು. ಅರ್ಧ ಲೀಟರಿಗೆ 260 ಕೊಟ್ಟೆ. ಇನ್ನೊಂದು ಮೀಟರ್ ರೆಕ್ಸಿನ್ ತರಲು ಮತ್ತೆ ಬೆಂಗಳೂರಿಗೆ ಹೋದೆ.

ನಕ್ಷೆ ಇಡುವ ಜೇಬಿನ ಹೊಲಿಗೆ ನನ್ನಿಂದಾಗದ ಕೆಲಸ. ಅದನ್ನು ನಮ್ಮ ಬೀದಿಯ ಕುಶನ್ ಮೇಸ್ತ್ರಿಗೆ 150 ಕೊಟ್ಟು ಮಾಡಿಸಿದೆ. ಹೊಲಿಯುತ್ತಲೇ ಅವರು ಹೇಳಿಕೊಟ್ಟ ವಿದ್ಯೆಗೆ ನಾನು ಬೆಲೆ ಕಟ್ಟಲಾರೆ. "ಎರಡೂ ಕಡೆ ಹಚ್ಚಿ ಸಾರ್, ಬೆರಳಿಟ್ರೆ ಅಂಟಬಾರ್ದು, ಅಷ್ಟು ಆರಲಿ. ಆಮೇಲೆ ಮಧ್ಯದಿಂದ ಒತ್ಕೊಂಡು ಬನ್ನಿ, ಗಾಳಿಗೆ ದಾರಿ ಬಿಡಿ." ಹಾಗೇ ಮಾಡಿದೆ. ಹದಿನೈದು ನಿಮಿಷ ಕಾದು, ಬೋರ್ಡಿನ ನಡುವಿಗೆ ಅಂಗೈ ಇಟ್ಟು ಅಂಚಿನ ಕಡೆಗೆ ಸವರಿದೆ. ಮೂಲೆಗಳಲ್ಲಿ ನನ್ನಾಕೆ ಹೇರ್ ಡ್ರೈಯರ್ ಹಿಡಿದಳು. ಬಿಸಿಗೆ ರೆಕ್ಸಿನ್ ಮೆತ್ತಗಾಗಿ ಎಳೆದ ಕಡೆ ಬಂತು. ಅಂಟು ಹಚ್ಚಿದ್ದು ಮಾತ್ರ ಅಂಗಳದಲ್ಲೇ, ಅದರ ಘಾಟು ತಲೆಗೇರುತ್ತದೆ, ಬೆಂಕಿಯ ಹತ್ತಿರ ತರಲೇಬಾರದು.

ಈಗ ಲೆಕ್ಕ. ರೆಕ್ಸಿನ್ 800, ಅಂಟು 260, ಹಳೆ ಅಂಟು ಉಜ್ಜಲು ಥಿನ್ನರ್ 110, ಬೋರ್ಡ್ 150, ಮೂವತ್ತು ಕ್ಲಿಪ್ಪಿಗೆ 150, ಹಾಳೆ 80, ಬ್ರಷ್ಷು ಬ್ಲೇಡು 100, ಹೊಲಿಗೆ 150. ಇಲ್ಲಿಗೆ 1,800. ಕೆಟ್ಟುಹೋದ ರೆಕ್ಸಿನ್ನಿನ 320, ಎರಡು ಓಡಾಟದ 300 ಸೇರಿದರೆ 2,420. ತಪ್ಪಿನ ದುಡ್ಡನ್ನು ಬಿಟ್ಟು ಉಳಿತಾಯ ಹೇಳಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅಂಗಡಿಯ 7,000ಕ್ಕೆ ಹೋಲಿಸಿದರೆ ಉಳಿದದ್ದು 4,580. ಮೂರು ಭಾನುವಾರ ಸೇರಿ ಹದಿನಾಲ್ಕು ಗಂಟೆ ಹಿಡಿಯಿತು, ಗಂಟೆಗೆ 327 ರೂಪಾಯಿ ಬಿತ್ತು. ಆ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚು ದುಡಿಯಬಲ್ಲವರು ಅಂಗಡಿಗೇ ಕೊಡಲಿ, ಹಾಳೆ ಮತ್ತು ತೂತುಗಳನ್ನು ಮಾತ್ರ ಎದುರು ನಿಂತು ನೋಡಿಕೊಳ್ಳಲಿ. ನನಗೆ ಆ ಭಾನುವಾರಗಳಲ್ಲಿ ಬೇರೆ ಸಂಪಾದನೆ ಇರಲಿಲ್ಲ.

ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದೆ. ಹಿಂದಿನ ಎಡ ಬಾಗಿಲ ಮೂಲೆಯಲ್ಲಿ ಬೆರಳುದ್ದದ ಸುಕ್ಕು ಬಿಟ್ಟರೆ ಎಲ್ಲೂ ಎದ್ದಿಲ್ಲ. ಆರ್‌ಸಿ 2027ರ ಅಕ್ಟೋಬರ್‌ವರೆಗಿದೆ. ಮುಂದಿನ ಗಾಡಿಗೆಂದು ತಿಂಗಳಿಗೆ 4,000ದ ಆರ್‌ಡಿ ಶುರುಮಾಡಿದ್ದೇವೆ. ಮೊನ್ನೆ ನನ್ನಾಕೆ ಕೆನೆಬಣ್ಣದ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತು, ಮೊಣಕೈಯನ್ನು ಬಾಗಿಲಿಗೆ ಆನಿಸಿಕೊಂಡಳು.